ಪ್ರಶ್ನೆ ಕೇಳುವ ಮುನ್ನ ಉಗ್ರಾಣ ನೋಡಬೇಕು

ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಪರಿಸ್ಥಿತಿ ಸಂಹಿತೆ, 2020, ಇತರ ಮೂರು ಕಾರ್ಮಿಕ ಸಂಹಿತೆಗಳೊಡನೆ 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಸರ್ಕಾರವು ನಿಗದಿಪಡಿಸುವ ವಯಸ್ಸಿನ ಅಥವಾ ವರ್ಗದ ನೌಕರರಿಗೆ ಮಾಲೀಕರು ಉಚಿತವಾಗಿ ವಾರ್ಷಿಕ ಆರೋಗ್ಯ ತಪಾಸಣೆ ಮಾಡಿಸತಕ್ಕದ್ದೆಂದು ಅದರಲ್ಲಿ ವಿಧಿಸಲಾಗಿದೆ. 40 ವರ್ಷ ಮೀರಿದ ಕಾರ್ಮಿಕರಿಗೆ ಈ ಸೌಲಭ್ಯ ದೊರೆಯುವುದೆಂದು ಕೇಂದ್ರ ಸರ್ಕಾರವು ಆ ಸಂದರ್ಭದಲ್ಲಿಯೇ ಪ್ರಕಟಿಸಿತು. ಸಣ್ಣ ಉದ್ದಿಮೆದಾರರು ಇದನ್ನು ಮತ್ತೊಂದು ವೆಚ್ಚದ ಬಾಬ್ತೆಂದು ಲೆಕ್ಕಕ್ಕೆ ಹಿಡಿಯುವುದು ಸಹಜವೇ. ರಕ್ತದೊತ್ತಡ, ಸಕ್ಕರೆ, ಕಣ್ಣು, ಎದೆಯ ಕ್ಷಕಿರಣ ಇವುಗಳ ದರಪಟ್ಟಿಯನ್ನು ಹೋಲಿಸಿ ನೋಡುವುದು ಕಷ್ಟವಲ್ಲ. ಕಷ್ಟವಿರುವುದು ಅದರ ಆಚೆಗಿನ ಹಾಳೆಯಲ್ಲಿ.

ಸಕ್ಕರೆ ಕಾಯಿಲೆಯೆಂದು ತಿಳಿದುಬಂದ ಕಾರ್ಮಿಕನಿಗೆ ವೈದ್ಯರು ಅನ್ನ ಕಡಿಮೆ ಮಾಡಿ, ಕಾಳು ತರಕಾರಿ ಹೆಚ್ಚು ಮಾಡಿ ಎಂದು ಬರೆದುಕೊಡುತ್ತಾರೆ. ತಿಂಗಳ 20ನೇ ತಾರೀಖಿನ ನಂತರ ಆತನ ಮನೆಯಲ್ಲಿ ಅನ್ನವೊಂದೇ ಉಳಿಯುವುದಾದರೆ ಆ ಚೀಟಿಗೆ ಬೆಲೆಯೇನು? ಧೂಳಿನಿಂದ ಉಸಿರಾಟದ ತೊಂದರೆಯಿರುವ ಮಹಿಳೆ ಮನೆಗೆ ಹೋಗಿ ಸೌದೆ ಒಲೆಯ ಮುಂದೆ ಕುಳಿತರೆ ಕಾರ್ಖಾನೆಯಲ್ಲಿ ಕೊಟ್ಟ ಮುಖಗವುಸು ಅರ್ಧ ಕೆಲಸವನ್ನಷ್ಟೇ ಮಾಡೀತು. ಆಹಾರ, ವಸತಿ, ಸಾರಿಗೆ, ಸಾಲ, ಮನೆಯೊಳಗಿನ ಹಿಂಸೆ ಇವು ಆರೋಗ್ಯವನ್ನು ಕೆಡಿಸುವ ಸಾಮಾಜಿಕ ಅಗತ್ಯಗಳ ಕೊರತೆಗಳು. ಇವನ್ನು ಗುರುತಿಸಲು ಕೆಲವೇ ನಿಮಿಷಗಳಲ್ಲಿ ತುಂಬಬಹುದಾದ ಪ್ರಶ್ನಾವಳಿಗಳು ಇವೆ. ತಪಾಸಣೆಯ ಜೊತೆಗೆ ಅಂತಹ ಒಂದು ಹಾಳೆಯನ್ನೂ ಸೇರಿಸಬಾರದೇಕೆ ಎಂಬ ಸಲಹೆ ಉದ್ದಿಮೆದಾರರ ಮುಂದೆ ಬಂದಾಗ ಅದನ್ನು ಒಳ್ಳೆಯ ಮನಸ್ಸಿನ ಮಾಲೀಕರು ಒಪ್ಪಿಕೊಂಡುಬಿಡುವ ಸಂಭವವೇ ಹೆಚ್ಚು. ಒಪ್ಪುವ ಮುನ್ನ ಒಂದು ಮಾತನ್ನು ಯೋಚಿಸಬೇಕಾಗಿದೆ. ಪ್ರಶ್ನಾವಳಿಯ ಆಯ್ಕೆಯು ಮೊದಲನೆಯ ಕೆಲಸವಲ್ಲ, ಕೊನೆಯ ಕೆಲಸ. ಉಗ್ರಾಣದಲ್ಲಿ ಏನಿದೆಯೆಂದು ನೋಡದೆ ಆರ್ಡರು ಹಿಡಿಯುವ ವರ್ತಕನನ್ನು ಮಾರುಕಟ್ಟೆ ಬಹುಕಾಲ ನಂಬುವುದಿಲ್ಲ.

ಅಮೆರಿಕದ ಅನುಭವ

ಈ ವಿಷಯದಲ್ಲಿ ಅತಿ ಹೆಚ್ಚು ಹಣ ಮತ್ತು ಕಾಗದ ಖರ್ಚು ಮಾಡಿರುವ ದೇಶ ಅಮೆರಿಕ. ಅಲ್ಲಿ ಪ್ರಶ್ನಾವಳಿಗಳಿಗೆ ಕೊರತೆಯಿಲ್ಲ. ಸಮುದಾಯ ಆರೋಗ್ಯ ಕೇಂದ್ರಗಳ ರಾಷ್ಟ್ರೀಯ ಸಂಘವು ಇತರರೊಡನೆ ಸೇರಿ ರೂಪಿಸಿದ ‘ಪ್ರಪೇರ್’ ಎಂಬ ನಮೂನೆಯಲ್ಲಿ ಇಪ್ಪತ್ತರ ಆಸುಪಾಸಿನ ಪ್ರಶ್ನೆಗಳಿವೆ. ಮೆಡಿಕೇರ್ ಮತ್ತು ಮೆಡಿಕೈಡ್ ಯೋಜನೆಗಳನ್ನು ನಡೆಸುವ ಕೇಂದ್ರೀಯ ಸಂಸ್ಥೆಯ ನಮೂನೆಯಲ್ಲಿ ವಸತಿ, ಆಹಾರ, ಸಾರಿಗೆ, ವಿದ್ಯುತ್-ನೀರಿನಂತಹ ಸೇವೆಗಳು ಮತ್ತು ಸುರಕ್ಷತೆ ಎಂಬ ಐದು ವಿಷಯಗಳ ಮೇಲೆ 10 ಮುಖ್ಯ ಪ್ರಶ್ನೆಗಳಿದ್ದು, ಪೂರಕ ಪ್ರಶ್ನೆಗಳು ಬೇರೆ ಇವೆ. ಆಹಾರದ ಕೊರತೆಯೊಂದನ್ನೇ ಪತ್ತೆಹಚ್ಚುವ ‘ಹಂಗರ್ ವೈಟಲ್ ಸೈನ್’ ಎಂಬುದರಲ್ಲಿ ಇರುವುದು ಎರಡೇ ಪ್ರಶ್ನೆ.

ಮೇಲೆ ಹೇಳಿದ ಕೇಂದ್ರೀಯ ಸಂಸ್ಥೆಯು 2017ರಲ್ಲಿ ಒಂದು ದೊಡ್ಡ ಪ್ರಯೋಗವನ್ನು ಆರಂಭಿಸಿತು. ಐದು ವರ್ಷಗಳ ಅವಧಿಗೆಂದು ಹೊರಟ ಆ ಪ್ರಯೋಗದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಪ್ರಶ್ನೆಗಳನ್ನು ಕೇಳಲಾಯಿತು. ಯಾವುದಾದರೊಂದು ಕೊರತೆಯಿದ್ದು, ಹಿಂದಿನ ಒಂದು ವರ್ಷದಲ್ಲಿ ಎರಡು ಅಥವಾ ಹೆಚ್ಚು ಬಾರಿ ತುರ್ತು ಚಿಕಿತ್ಸೆಗೆ ಬಂದವರಿಗೆ ಒಬ್ಬ ಮಾರ್ಗದರ್ಶಕನನ್ನು ಒದಗಿಸಲಾಯಿತು. ಅನ್ನದಾಸೋಹಕ್ಕೋ, ವಸತಿ ಕಚೇರಿಗೋ, ಸಾರಿಗೆ ನೆರವಿಗೋ ಅವರನ್ನು ಸೇರಿಸುವುದು ಆತನ ಹೊಣೆ. 2020ರಲ್ಲಿ ಹೊರಬಂದ ಮೊದಲ ಮೌಲ್ಯಮಾಪನ ವರದಿಯ ಪ್ರಕಾರ ಅರ್ಹರಲ್ಲಿ ಶೇಕಡ 74 ಮಂದಿ ಈ ನೆರವನ್ನು ಒಪ್ಪಿಕೊಂಡರು. ಇಲ್ಲಿಯವರೆಗೆ ಎಲ್ಲವೂ ಸರಿ. ಆದರೆ ಒಂದು ವರ್ಷ ಪೂರ್ತಿ ಮಾರ್ಗದರ್ಶನ ಪಡೆದವರಲ್ಲಿ, ಒಂದಾದರೂ ಕೊರತೆ ನೀಗಿತೆಂದು ದಾಖಲೆಯಾದವರು ಶೇಕಡ 14 ಮಾತ್ರ! ತುರ್ತು ಚಿಕಿತ್ಸೆಗೆ ಬರುವುದು ಮೆಡಿಕೇರ್ ಫಲಾನುಭವಿಗಳಲ್ಲಿ ಮೊದಲ ವರ್ಷ ಶೇಕಡ 9ರಷ್ಟು ಇಳಿಯಿತೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಮನುಷ್ಯನೊಬ್ಬ ಜೊತೆಗೆ ನಿಂತರೆ ಏನೋ ಪ್ರಯೋಜನವಾಗುತ್ತದೆ. ಆದರೆ ಮಾರ್ಗದರ್ಶಕನು ತೋರಿಸಿದ ಬಾಗಿಲಿನ ಹಿಂದೆ ಮನೆಯೂ ಇರಲಿಲ್ಲ, ವಾಹನವೂ ಇರಲಿಲ್ಲ ಎಂಬ ಸಂಗತಿಯನ್ನು ಯಾವ ಪ್ರಶ್ನಾವಳಿಯ ಗುಣಮಟ್ಟವೂ ಬದಲಿಸಲಾರದು.

ಮುಂದಿನ ಅಧ್ಯಾಯ ಲೆಕ್ಕ ಬಲ್ಲವರಿಗೆ ಇನ್ನೂ ಸ್ವಾರಸ್ಯಕರವಾದುದು. ಅಲ್ಲಿನ ಆಸ್ಪತ್ರೆಗಳು ಒಳರೋಗಿಗಳಿಗೆ ಈ ಐದು ವಿಷಯಗಳ ಪ್ರಶ್ನೆ ಕೇಳಿ ವರದಿ ಸಲ್ಲಿಸುವುದನ್ನು 2023ರಲ್ಲಿ ಐಚ್ಛಿಕವಾಗಿಯೂ 2024ರಲ್ಲಿ ಕಡ್ಡಾಯವಾಗಿಯೂ ಮಾಡಲಾಯಿತು. ಯಾವ ಪ್ರಶ್ನಾವಳಿ ಬಳಸಬೇಕೆಂಬುದು ಆಸ್ಪತ್ರೆಯ ಆಯ್ಕೆಗೆ ಬಿಟ್ಟ ವಿಷಯ. ವರದಿ ಮಾಡಬೇಕಾಗಿದ್ದದ್ದು ಎರಡೇ ಅಂಕಿ: ಎಷ್ಟು ಜನರನ್ನು ಕೇಳಲಾಯಿತು, ಎಷ್ಟು ಜನರಲ್ಲಿ ಕೊರತೆ ಕಂಡಿತು. ಎಷ್ಟು ಜನರ ಕೊರತೆ ನೀಗಿತು ಎಂಬ ಮೂರನೆಯ ಕಾಲಂ ಇರಲೇ ಇಲ್ಲ. 2024ರ ಜನವರಿಯಿಂದ ಮೆಡಿಕೇರ್ ವೈದ್ಯರಿಗೂ 5ರಿಂದ 15 ನಿಮಿಷದ ಇಂತಹ ಮೌಲ್ಯಮಾಪನಕ್ಕೆ ಪ್ರತ್ಯೇಕ ಶುಲ್ಕ ಸಿಗತೊಡಗಿತು. ಶುಲ್ಕ 20 ಡಾಲರ್‌ಗಿಂತ ಕಡಿಮೆ, ಆರು ತಿಂಗಳಿಗೆ ಒಂದಕ್ಕಿಂತ ಹೆಚ್ಚು ಬಾರಿ ಇಲ್ಲ. ಇಲ್ಲಿಯೂ ಹಣ ಕೊಟ್ಟದ್ದು ಕೇಳಿದ್ದಕ್ಕೆ, ನೀಗಿಸಿದ್ದಕ್ಕಲ್ಲ. ಸರ್ಕಾರ ಬದಲಾದ ಬಳಿಕ, 2025ರ ನಿಯಮಗಳಲ್ಲಿ ಆಸ್ಪತ್ರೆಗಳ ಆ ಎರಡು ಅಂಕಿಗಳನ್ನೂ ತೆಗೆದುಹಾಕಲಾಯಿತು. 2026ರಿಂದ ಆ ಮೌಲ್ಯಮಾಪನದ ಶುಲ್ಕವೂ ನಿಂತಿತು. ರಾಜಕೀಯ ಕಾರಣಗಳು ಏನೇ ಇರಲಿ, ಜಮಾ ಕಾಲಂ ಇಲ್ಲದ ಖಾತೆಯನ್ನು ಸಮರ್ಥಿಸುವುದು ಕಷ್ಟವಾಯಿತೆಂದು ತೋರುತ್ತದೆ. 2025ರ ಮಾರ್ಚಿಯಲ್ಲಿ ಅಲ್ಲಿನ ರೋಗತಡೆ ಸೇವೆಗಳ ಕಾರ್ಯಪಡೆಯು, ಆಹಾರ ಕೊರತೆಯ ಪ್ರಶ್ನೆಯನ್ನು ಎಲ್ಲ ರೋಗಿಗಳಿಗೂ ಕೇಳುವುದರಿಂದ ಆರೋಗ್ಯ ಸುಧಾರಿಸುತ್ತದೆಯೇ ಎಂದು ತೀರ್ಮಾನಿಸಲು ಸಾಕ್ಷ್ಯ ಸಾಲದೆಂದು ಪ್ರಕಟಿಸಿತು. ಬೇಡವೆಂದಲ್ಲ, ಸಾಕ್ಷ್ಯ ಸಾಲದೆಂದು. ಈ ವ್ಯತ್ಯಾಸವನ್ನು ಮರೆಯಬಾರದು.

ಎರಡು ಪ್ರಶ್ನೆಗಳ ಗಣಿತ

‘ಇದು ಪರೀಕ್ಷಿತ ಪ್ರಶ್ನಾವಳಿ’ ಎಂದು ಯಾರಾದರೂ ಹೇಳಿದಾಗ ಅದರ ಅರ್ಥವನ್ನು ಕೇಳಿ ತಿಳಿಯಬೇಕು. ಎರಡು ಪ್ರಶ್ನೆಯ ‘ಹಂಗರ್ ವೈಟಲ್ ಸೈನ್’ ಅನ್ನು ಅಮೆರಿಕದ ಸರ್ಕಾರದ 18 ಪ್ರಶ್ನೆಗಳ ಆಹಾರ ಭದ್ರತಾ ಸಮೀಕ್ಷೆಯೊಡನೆ ತಾಳೆ ನೋಡಿ 2010ರಲ್ಲಿ ಪ್ರಕಟಿಸಲಾಯಿತು. ಕೊರತೆಯಿರುವ 100 ಕುಟುಂಬಗಳಲ್ಲಿ 97ನ್ನು ಅದು ಹಿಡಿಯಿತು. ಕೊರತೆಯಿಲ್ಲದ 100ರಲ್ಲಿ 83ನ್ನು ಸರಿಯಾಗಿ ಬಿಟ್ಟಿತು. ಕೇಳಲು ಬಹಳ ಚೆನ್ನಾಗಿದೆ. ಈಗ 60 ಜನರಿರುವ ಒಂದು ಕಾರ್ಖಾನೆಯನ್ನು ಊಹಿಸಿಕೊಳ್ಳಬಹುದು. ಅವರಲ್ಲಿ 12 ಮಂದಿಯ ಮನೆಯಲ್ಲಿ ನಿಜವಾಗಿ ಆಹಾರದ ಕೊರತೆಯಿದ್ದರೆ ಆ 12 ಮಂದಿಯೂ ಬಹುಮಟ್ಟಿಗೆ ಸಿಕ್ಕುತ್ತಾರೆ. ಜೊತೆಗೆ ಉಳಿದ 48ರಲ್ಲಿ ಸುಮಾರು 8 ಮಂದಿಯೂ ಪಟ್ಟಿಗೆ ಸೇರುತ್ತಾರೆ. ಒಟ್ಟು 20. ಇದು ನಿಭಾಯಿಸಬಹುದಾದ ಪಟ್ಟಿ. ಕೊರತೆಯಿರುವವರು 3 ಮಂದಿ ಮಾತ್ರವಾದರೆ? ಆಗ 3 ನಿಜವಾದ ಹೆಸರುಗಳ ಜೊತೆಗೆ 57ರಲ್ಲಿ ಸುಮಾರು 10 ತಪ್ಪು ಹೆಸರುಗಳು ಬರುತ್ತವೆ. ಪ್ರಶ್ನಾವಳಿ ಅದೇ, ಗುಣಮಟ್ಟ ಅದೇ. ಪಟ್ಟಿಯ ಮೇಲಿನ ಭರವಸೆ ಮಾತ್ರ ಬೇರೆ. ಜರಡಿ ಒಂದೇ ಆದರೂ ಅದಕ್ಕೆ ಸುರಿದ ಧಾನ್ಯದಲ್ಲಿ ಕಲ್ಲೆಷ್ಟಿದೆ ಎಂಬುದರ ಮೇಲೆ ಫಲ ನಿಂತಿದೆ.

ಮತ್ತೊಂದು ಸಂಗತಿಯಿದೆ. ಈ ತಾಳೆ ನೋಡಿದ್ದು ಚಿಕ್ಕ ಮಕ್ಕಳಿರುವ ಅಮೆರಿಕದ ಬಡ ಕುಟುಂಬಗಳಲ್ಲಿ. ಆಹಾರ ಮುಗಿದುಹೋಗುವ ಚಿಂತೆಯಿತ್ತೇ, ಮುಗಿದ ಮೇಲೆ ಕೊಳ್ಳಲು ಹಣವಿರಲಿಲ್ಲವೇ ಎಂಬ ಪ್ರಶ್ನೆಗಳನ್ನು ಹಾಗೆಯೇ ಕನ್ನಡಕ್ಕೆ ತಂದರೆ, ಪಡಿತರದ ಅಕ್ಕಿ ಬರುವ ಮನೆಯವರು ಪ್ರಾಮಾಣಿಕವಾಗಿಯೇ ‘ಇಲ್ಲ’ ಎಂದಾರು. ಅಕ್ಕಿ ಮುಗಿದಿರುವುದಿಲ್ಲ, ಬೇಳೆ ಮುಗಿದಿರುತ್ತದೆ. ನಮ್ಮಲ್ಲಿ ಬಹುಪಾಲು ಕೊರತೆ ಹೊಟ್ಟೆ ತುಂಬದ ಕೊರತೆಯಲ್ಲ, ಪೌಷ್ಟಿಕಾಂಶದ ಕೊರತೆ. ಬಿಹಾರದಿಂದಲೋ ಒಡಿಶಾದಿಂದಲೋ ಬಂದು ಕೈಗಾರಿಕಾ ವಸಾಹತಿನ ಬಾಡಿಗೆ ಕೋಣೆಯಲ್ಲಿರುವ ಕಾರ್ಮಿಕನಿಗಾದರೆ ಇನ್ನೂ ನೇರವಾದ ಪ್ರಶ್ನೆಯಿದೆ: ಊರಿನ ಪಡಿತರ ಚೀಟಿಯ ಮೇಲೆ ಇಲ್ಲಿ ಅಕ್ಕಿ ದೊರೆಯುತ್ತಿದೆಯೇ? ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆ 2022ರ ಜೂನ್ ವೇಳೆಗೆ ಎಲ್ಲ ರಾಜ್ಯಗಳಿಗೂ ವ್ಯಾಪಿಸಿದೆ; ತನ್ನ ಪಾಲನ್ನು ಇಲ್ಲಿ ಪಡೆದು, ಉಳಿದುದನ್ನು ಊರಿನ ಮನೆಯವರು ಅಲ್ಲಿಯೇ ಪಡೆಯುವುದಕ್ಕೂ ಅವಕಾಶವಿದೆ. ಈ ಒಂದು ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಮಾಡಬೇಕಾದ ಕೆಲಸವೂ ಸ್ಪಷ್ಟ: ನ್ಯಾಯಬೆಲೆ ಅಂಗಡಿಯವರೆಗೆ ಒಬ್ಬರು ಜೊತೆಗೆ ಹೋಗಬೇಕು. ಯಾವ ವಿದೇಶಿ ನಮೂನೆಯಲ್ಲೂ ಈ ಪ್ರಶ್ನೆ ಇರಲಾರದು.

ಸಾರಿಗೆಯದೂ ಅಷ್ಟೆ. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣದ ಚಿಂತೆ ತಪ್ಪಿತು. ಎರಡನೆಯ ಪಾಳಿ ಮುಗಿಯುವ ಹೊತ್ತಿಗೆ ಬಸ್ಸೇ ಇಲ್ಲವೆಂಬ ಚಿಂತೆ ತಪ್ಪಿಲ್ಲ. ಆಸ್ಪತ್ರೆಗೆ ಹೋಗಲು ವಾಹನದ ಕೊರತೆಯಿದೆಯೇ ಎಂಬ ಪ್ರಶ್ನೆ ಇದನ್ನು ಹಿಡಿಯುವುದಿಲ್ಲ.

ನೆರವು ಬೇಕೇ ಎಂದು ಕೇಳುವುದು

ಅಮೆರಿಕದ ಪ್ರಯೋಗಗಳಲ್ಲಿ ಸಣ್ಣದಾದರೂ ಅನುಕರಣೀಯವಾದ ಒಂದಿದೆ. ಬೋಸ್ಟನ್ ನಗರದ ಎಂಟು ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಡಾ. ಅರವಿನ್ ಗರ್ಗ್ ಮತ್ತು ಸಂಗಡಿಗರು ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವದು. ಅವರ ‘ವಿ ಕೇರ್’ ಎಂಬ ಚಿಕ್ಕ ನಮೂನೆಯಲ್ಲಿ ಶಿಶುಪಾಲನೆ, ಉದ್ಯೋಗ, ಆಹಾರ, ವಸತಿ ಮುಂತಾದ ಆರು ಬಾಬ್ತುಗಳಿದ್ದು, ಕೊರತೆಯ ಜೊತೆಗೆ ‘ಇದಕ್ಕೆ ನೆರವು ಬೇಕೇ’ ಎಂಬುದನ್ನೂ ಕೇಳಲಾಗುತ್ತದೆ. ಬೇಕೆಂದ ತಾಯಿಗೆ ಆ ಬಾಬ್ತಿನ ಸ್ಥಳೀಯ ನೆರವಿನ ವಿಳಾಸವಿರುವ ಹಾಳೆಯನ್ನು ಅಲ್ಲಿಯೇ ಕೊಡಲಾಗುತ್ತದೆ. ಹಾಳೆಗಳು ಮೊದಲೇ ಸಿದ್ಧ. ಒಂದು ವರ್ಷದ ನಂತರ ನೋಡಿದಾಗ ಹೊಸದಾಗಿ ಯಾವುದಾದರೊಂದು ನೆರವಿಗೆ ಸೇರಿದವರು ಈ ಕೇಂದ್ರಗಳಲ್ಲಿ ಶೇಕಡ 39, ಹೋಲಿಕೆಗೆ ಇಟ್ಟುಕೊಂಡ ಕೇಂದ್ರಗಳಲ್ಲಿ ಶೇಕಡ 24. ಅಂತರ ಚಮತ್ಕಾರದ್ದಲ್ಲ, ಆದರೆ ನಿಜವಾದದ್ದು. ಪ್ರಶ್ನೆಗಳ ಸಂಖ್ಯೆಯನ್ನು ವಿಳಾಸದ ಹಾಳೆಗಳ ಸಂಖ್ಯೆಗೆ ಸರಿಹೊಂದಿಸಿದ್ದೇ ಇಲ್ಲಿನ ಜಾಣತನ.

ಕರ್ನಾಟಕದ ಸಣ್ಣ ಉದ್ದಿಮೆದಾರನ ಬಳಿ ಇಂತಹ ಎಷ್ಟು ಹಾಳೆಗಳಿವೆ? ಎಣಿಸಿದರೆ ನಿರೀಕ್ಷೆಗಿಂತ ಹೆಚ್ಚೇ ಸಿಗುತ್ತವೆ. ಇಎಸ್‌ಐಗೆ ಮಾಲೀಕರು ಶೇಕಡ 3.25, ನೌಕರರು ಶೇಕಡ 0.75 ಕಟ್ಟುವ ದರ 2019ರ ಜುಲೈಯಲ್ಲಿ ನಿಗದಿಯಾದದ್ದು. ಪ್ರತಿ ತಿಂಗಳೂ ತಪ್ಪದೆ ಕಟ್ಟುವ ಈ ಹಣಕ್ಕೆ ಪ್ರತಿಯಾಗಿ ಕಾಯಿಲೆಯ ರಜೆಯಲ್ಲಿ 91 ದಿನಗಳವರೆಗೆ ಶೇಕಡ 70ರಷ್ಟು ವೇತನ, ಕ್ಷಯವೂ ಸೇರಿದಂತೆ 34 ದೀರ್ಘಕಾಲಿಕ ರೋಗಗಳಿಗೆ ಷರತ್ತುಗಳಿಗೊಳಪಟ್ಟು ಎರಡು ವರ್ಷದವರೆಗೆ ಶೇಕಡ 80ರಷ್ಟು ಸೌಲಭ್ಯವಿದೆಯೆಂಬುದನ್ನು ಎಷ್ಟು ಕಾರ್ಮಿಕರಿಗೆ ತಿಳಿಸಲಾಗಿದೆ? ಚಲನ್ ಕಟ್ಟಿದ ಮೇಲೆ ಕಡತ ಮುಚ್ಚುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಇಎಸ್‌ಐ ಕಾರ್ಡು ಕೈಯಲ್ಲಿದೆಯೇ, ಕುಟುಂಬದವರ ಹೆಸರು ಸೇರಿದೆಯೇ ಎಂಬ ಎರಡು ಪ್ರಶ್ನೆಗಳು ಯಾವ ಮಾನ್ಯತೆ ಪಡೆದ ಪ್ರಶ್ನಾವಳಿಗಿಂತಲೂ ಮೊದಲು ಕೇಳಬೇಕಾದವು.

ಸರ್ಕಾರದ್ದೇ ಆದ ಒಂದು ನಮೂನೆ ಈಗಾಗಲೇ ಹಳ್ಳಿ ಹಳ್ಳಿಗಳಲ್ಲಿ ಬಳಕೆಯಲ್ಲಿದೆ. 30 ವರ್ಷ ಮೀರಿದವರ ಮನೆಗೆ ಆಶಾ ಕಾರ್ಯಕರ್ತೆಯರು ತರುವ, ‘ಸಿಬ್ಯಾಕ್’ ಎಂದು ಕರೆಯುವ ಪಟ್ಟಿಯದು. ವಯಸ್ಸು, ತಂಬಾಕು, ಮದ್ಯ, ಸೊಂಟದ ಅಳತೆ, ವ್ಯಾಯಾಮ, ಕುಟುಂಬದ ರೋಗಚರಿತ್ರೆ ಇವುಗಳಿಗೆ ಅಂಕ ಹಾಕಿ, ಮೊತ್ತ 4 ಮೀರಿದರೆ ತಪಾಸಣೆಗೆ ಆದ್ಯತೆ. ಅದರ ಮುಂದಿನ ಭಾಗದಲ್ಲಿ ಅಡುಗೆಯ ಇಂಧನ ಯಾವುದು, ಹೊಗೆ ಅನಿಲ ಧೂಳಿನ ನಡುವೆ ದುಡಿಮೆಯೇ ಎಂಬ ಪ್ರಶ್ನೆಗಳಿವೆ. ಎರಕದ ಕಾರ್ಖಾನೆ, ಕಲ್ಲು ಕೊರೆಯುವ ಘಟಕ, ಇಟ್ಟಿಗೆ ಗೂಡುಗಳ ಮಾಲೀಕರಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಬೇರೊಂದಿಲ್ಲ. ಅದೂ ಖರ್ಚಿಲ್ಲದೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನೇರ ಸಂಪರ್ಕವಿರುವಂತಹದು.

ಇನ್ನು ಕೆಲವೊಮ್ಮೆ ಪ್ರಶ್ನಾವಳಿಯೇ ಬೇಕಾಗುವುದಿಲ್ಲ, ತೂಕದ ಯಂತ್ರ ಸಾಕು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ಮುಂದಾಳತ್ವದಲ್ಲಿ ಜಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ‘ರೇಷನ್ಸ್’ ಅಧ್ಯಯನ ಇದಕ್ಕೆ ನಿದರ್ಶನ. ಕ್ಷಯರೋಗಿಗಳ ಮನೆಮಂದಿಗೆ ದಿನಕ್ಕೆ 750 ಕ್ಯಾಲೊರಿ, 23 ಗ್ರಾಂ ಪ್ರೋಟೀನಿನ ಲೆಕ್ಕದಲ್ಲಿ ತಿಂಗಳ ದಿನಸಿ ಕೊಟ್ಟ ಗುಂಪಿನಲ್ಲಿ, ಕೊಡದ ಗುಂಪಿಗಿಂತ ಹೊಸ ಕ್ಷಯ ಪ್ರಕರಣಗಳು ಶೇಕಡ 39ರಷ್ಟು ಕಡಿಮೆಯಾದವು. ರೋಗಿಗಳಲ್ಲಿ ಮೊದಲ ಎರಡು ತಿಂಗಳಲ್ಲಿ ತೂಕ ಶೇಕಡ 5ರಷ್ಟು ಏರಿದವರಿಗೆ ಸಾವಿನ ಅಪಾಯ ಶೇಕಡ 61ರಷ್ಟು ತಗ್ಗಿತ್ತು. ನಿಮಗೆ ಆಹಾರದ ಚಿಂತೆಯಿದೆಯೇ ಎಂದು ಯಾರೂ ಮುಜುಗರಪಡಿಸುವ ಅಗತ್ಯವಿರಲಿಲ್ಲ. ದಿನಸಿ ಮನೆಗೆ ಬಂತು, ತೂಕ ಏರಿತು. ಸರ್ಕಾರವು ಕ್ಷಯರೋಗಿಗಳಿಗೆ 2018ರ ಏಪ್ರಿಲಿನಿಂದ ಕೊಡುತ್ತಿದ್ದ ತಿಂಗಳ 500 ರೂಪಾಯಿಗಳನ್ನು 2024ರ ನವೆಂಬರಿನಿಂದ 1,000ಕ್ಕೆ ಏರಿಸಿತು. 2022ರ ಸೆಪ್ಟೆಂಬರಿನಲ್ಲಿ ಆರಂಭವಾದ ‘ನಿಕ್ಷಯ್ ಮಿತ್ರ’ ಏರ್ಪಾಡಿನಲ್ಲಿ ಸಂಸ್ಥೆಗಳೂ ವ್ಯಕ್ತಿಗಳೂ ದಿನಸಿ ಬುಟ್ಟಿ ಕೊಡಬಹುದು. ವಾಣಿಜ್ಯೋದ್ಯಮ ಸಂಸ್ಥೆಯ ಸದಸ್ಯರಲ್ಲಿ ಕಿರಾಣಿ ಸಗಟು ವರ್ತಕರೇ ಎಷ್ಟೋ ಮಂದಿ ಇರುವಾಗ ಉಗ್ರಾಣ ಖಾಲಿಯೆಂದು ಹೇಳುವಂತಿಲ್ಲ.

ಕೇಳುವವರು ಯಾರು

ಆಯ್ಕೆಯ ವಿಚಾರದಲ್ಲಿ ಅತಿ ಸೂಕ್ಷ್ಮವಾದದ್ದು ಪ್ರಶ್ನೆಯಲ್ಲ, ಪ್ರಶ್ನೆ ಕೇಳುವ ಬಾಯಿ. ಆಸ್ಪತ್ರೆಯಲ್ಲಿ ದಾದಿಯೊಬ್ಬಳು ಸಾಲವಿದೆಯೇ, ಮನೆ ಬಿಡಿಸುವ ಭಯವಿದೆಯೇ ಎಂದು ಕೇಳುವುದಕ್ಕೂ, ಹಾಜರಿ ಪುಸ್ತಕ ಹಿಡಿದ ಮೇಲ್ವಿಚಾರಕ ಅದನ್ನೇ ಕೇಳುವುದಕ್ಕೂ ಅಜಗಜಾಂತರವಿದೆ. ಗುತ್ತಿಗೆ ನವೀಕರಣದ ತಿಂಗಳಲ್ಲಿ ‘ಕುಡಿತದ ಅಭ್ಯಾಸವಿದೆಯೇ’ ಎಂಬುದಕ್ಕೆ ನಿಜ ಹೇಳುವ ಕಾರ್ಮಿಕ ಯಾರು? ಹಾಗೆ ಸುಳ್ಳು ಉತ್ತರಗಳಿಂದ ತುಂಬಿದ ಕಟ್ಟು ಯಾರಿಗೂ ಉಪಯೋಗವಿಲ್ಲ. ನಿಜ ಉತ್ತರಗಳಿಂದ ತುಂಬಿದ ಕಟ್ಟು ತಪ್ಪು ಕೈಗೆ ಸಿಕ್ಕರೆ ಅದಕ್ಕಿಂತ ಕೆಟ್ಟದ್ದು. ಅಮೆರಿಕದ ನಮೂನೆಯಲ್ಲಿ ಮನೆಯೊಳಗಿನ ಹಿಂಸೆಯ ಬಗ್ಗೆ ನಾಲ್ಕು ಪ್ರಶ್ನೆಗಳಿದ್ದು, ಒಂದೊಂದಕ್ಕೂ 1ರಿಂದ 5 ಅಂಕ. ಮೊತ್ತ 11 ಮುಟ್ಟಿದರೆ ಎಚ್ಚರಿಕೆ. ಗಂಡ ಹೆಂಡತಿ ಒಂದೇ ಘಟಕದಲ್ಲಿ ದುಡಿಯುವಾಗ ಆ ಹಾಳೆ ಮೇಜಿನ ಮೇಲೆ ಬಿದ್ದಿದ್ದರೆ ಆಗುವ ಅನಾಹುತಕ್ಕೆ ಅಂಕ ಹಾಕುವವರಾರು? ಈ ಬಾಬ್ತನ್ನು ಕಾರ್ಖಾನೆಯ ನಮೂನೆಯಿಂದ ಪೂರ್ತಿ ಬಿಡುವುದೇ ಲೇಸು. ಅದರ ಬದಲು ಮಹಿಳೆಯರ ಶೌಚಾಲಯದ ಒಳಗೋಡೆಯ ಮೇಲೆ 181 ಸಹಾಯವಾಣಿಯ ಸಂಖ್ಯೆಯನ್ನೂ, ಜಿಲ್ಲೆಯ ಸಖಿ ಕೇಂದ್ರದ ವಿಳಾಸವನ್ನೂ ದೊಡ್ಡ ಅಕ್ಷರದಲ್ಲಿ ಬರೆಸಬಹುದು. ಖರ್ಚು ಒಂದು ಡಬ್ಬಿ ಬಣ್ಣ.

ಕೇಳುವ ಕೆಲಸವನ್ನು ತಪಾಸಣೆಗೆ ಬರುವ ವೈದ್ಯರಿಗೋ ಹೊರಗಿನ ಸಮಾಜ ಕಾರ್ಯಕರ್ತರಿಗೋ ವಹಿಸಿ, ಹೆಸರಿರುವ ಹಾಳೆಗಳು ಅವರಲ್ಲಿಯೇ ಉಳಿಯುವಂತೆ ಒಪ್ಪಂದದಲ್ಲಿ ಬರೆಸಿ, ಮಾಲೀಕರು ಒಟ್ಟು ಅಂಕಿಗಳನ್ನು ಮಾತ್ರ ಪಡೆಯುವುದು ಕ್ಷೇಮ. ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣಾ ಕಾಯಿದೆ, 2023ರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಕಾರ್ಮಿಕರ ಬಡತನದ ವಿವರಗಳನ್ನು ಮೊಬೈಲ್ ಆ್ಯಪಿನಲ್ಲಿ ತುಂಬಿಸಿಕೊಂಡು ಎಲ್ಲೋ ಸಂಗ್ರಹಿಸುವ ಸೇವಾದಾರರಿಗೆ ಅಗ್ಗದ ದರವೆಂಬ ಕಾರಣಕ್ಕೆ ಸಹಿ ಹಾಕುವವರು ಆ ನಿಯಮಗಳನ್ನು ಒಮ್ಮೆ ಓದಿಸಿಕೊಳ್ಳಬೇಕು. ಹತ್ತಿಪ್ಪತ್ತು ಜನರ ಘಟಕದಲ್ಲಿ ಹೆಸರು ತೆಗೆದರೂ ಒಡಿಶಾದಿಂದ ಬಂದ 45 ವರ್ಷದ ವೆಲ್ಡರ್ ಯಾರೆಂದು ಎಲ್ಲರಿಗೂ ಗೊತ್ತು. ಅಂತಹ ಸಣ್ಣ ಘಟಕಗಳು ಪ್ರತ್ಯೇಕವಾಗಿ ಮಾಡುವ ಬದಲು, ಒಂದು ಕೈಗಾರಿಕಾ ವಸಾಹತಿನ ಘಟಕಗಳೆಲ್ಲ ಸೇರಿ ಒಬ್ಬ ವೈದ್ಯ, ಒಬ್ಬ ಸಮಾಜ ಕಾರ್ಯಕರ್ತೆಯನ್ನು ಹೊಂದಿಸಿಕೊಂಡರೆ ವೆಚ್ಚವೂ ಹಂಚಿಹೋಗುತ್ತದೆ, ಗುರುತೂ ಮರೆಯಾಗುತ್ತದೆ. ವಾಣಿಜ್ಯೋದ್ಯಮ ಸಂಸ್ಥೆಯು ಈ ಕೆಲಸಕ್ಕೆ ಮುಂದಾಗಲು ಯೋಗ್ಯ ಸ್ಥಾನದಲ್ಲಿದೆ.

ಹಾಗೆ ಸೇರಿ ಸಿದ್ಧಪಡಿಸುವ ಹಾಳೆಯಲ್ಲಿ ಪ್ರಶ್ನೆ ಆರಿರಲಿ, ಎಂಟಿರಲಿ, ಬಲಗಡೆ ಎರಡು ಕಾಲಂ ಖಾಲಿ ಬಿಟ್ಟಿರಬೇಕು. ಒಂದು, ನೆರವು ಬೇಕೆಂದರೆ ಯಾರ ಬಳಿಗೆ ಕಳುಹಿಸಲಾಯಿತೆಂಬುದಕ್ಕೆ. ಇನ್ನೊಂದು, ಮೂರು ತಿಂಗಳ ನಂತರ ಅದೇ ವ್ಯಕ್ತಿಯನ್ನು ಮತ್ತೆ ಕೇಳಿ ಬರೆಯುವುದಕ್ಕೆ. ಮೊದಲ ವರ್ಷದ ಕೊನೆಗೆ ಎರಡನೆಯ ಕಾಲಂ ಖಾಲಿಯಾಗಿಯೇ ಉಳಿದ ಪ್ರಶ್ನೆಗಳನ್ನು ಮುಂದಿನ ವರ್ಷ ಅಚ್ಚು ಹಾಕಿಸಬೇಕಾಗಿಲ್ಲ.